ತಟ್ಟೆ ಹಾಡಲಿಲ್ಲ

ಯಂತ್ರಗಳ ವಿಷಯದಲ್ಲಿ ನಮಗೆ ಭಕ್ತಿಯುಂಟು, ಜ್ಞಾನವಿಲ್ಲ. ಗಡಿಯಾರ ನಿಂತರೆ ಕಿವಿಯ ಬಳಿ ಹಿಡಿದು ಅಲ್ಲಾಡಿಸುವುದು, ರೇಡಿಯೋ ಗೊರಗುಟ್ಟಿದರೆ ಅದರ ತಲೆಯ ಮೇಲೊಂದು ಏಟು ಹಾಕುವುದು, ಅದಕ್ಕೂ ಬಗ್ಗದಿದ್ದರೆ ತಿಳಿದವರನ್ನು ಕರೆಸುವುದು. ಇಷ್ಟೇ ನಮ್ಮ ಯಂತ್ರಶಾಸ್ತ್ರ. ಈ ಶಾಸ್ತ್ರದ ಬಲದಿಂದಲೇ ಬಹುಕಾಲ ಸಂಸಾರ ಸಾಗಿತು. ಕಳೆದ ಪುಷ್ಯಮಾಸದಲ್ಲಿ ಮಾತ್ರ ಅದು ಕೈಕೊಟ್ಟಿತು. ಆಗ ಅಪಾಯಕ್ಕೆ ಸಿಕ್ಕಿದ್ದುದು ನಮ್ಮ ತಂದೆಯವರ ಧ್ವನಿ. ಈ ವೃತ್ತಾಂತವನ್ನು ವಾಚಕರ ಮುಂದಿಡುವುದು ನಮ್ಮ ಪ್ರತಾಪವನ್ನು ಮೆರೆಸುವುದಕ್ಕಾಗಿ ಅಲ್ಲ. ಎಷ್ಟೋ ಮನೆಗಳ ಬೀರುಗಳಲ್ಲಿ ಇಂಥ ಒಂದೊಂದು ತಟ್ಟೆ ಮಲಗಿದೆಯೆಂಬುದನ್ನು ನಾವು ಬಲ್ಲೆವು. ಅವುಗಳ ಯಜಮಾನರಿಗೆ ನಮಗಾದ ಪಾಡು ಆಗದಿರಲಿ ಎಂಬುದಷ್ಟೇ ಉದ್ದೇಶ.

ತಂದೆಯವರು ವೃತ್ತಿಯಿಂದ ಉಪಾಧ್ಯಾಯರು, ಪ್ರವೃತ್ತಿಯಿಂದ ಗಮಕಿಗಳು. ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ಜಗಲಿಯ ಮೇಲೆ ಕುಳಿತು ಅವರು ಕುಮಾರವ್ಯಾಸಭಾರತವನ್ನು ವಾಚಿಸುತ್ತಿದ್ದರೆ, ಅಡಕೆ ಸುಲಿಯುವವರ ಕೈ ತಾನಾಗಿಯೇ ನಿಲ್ಲುತ್ತಿತ್ತು. ೨೦೦೪ರ ಬೇಸಗೆಯಲ್ಲಿ ನಮ್ಮ ಅಕ್ಕನ ಮಗ, ಆಗ ಎಂಜಿನಿಯರಿಂಗ್ ಓದುತ್ತಿದ್ದ ಹುಡುಗ, ಒಂದು ಮೈಕು ಹಿಡಿದು ಬಂದು, ಮೂರು ಮಧ್ಯಾಹ್ನ ಅವರನ್ನು ಕೂಡಿಸಿ ಏಳು ಭಾಗಗಳನ್ನು ವಾಚಿಸಿಸಿ, ಎಲ್ಲವನ್ನೂ ಒಂದು ಸೀಡಿಗೆ ಬರೆದುಕೊಟ್ಟನು. ಕೊನೆಯದು ಕೃಷ್ಣನು ಕರ್ಣನಿಗೆ ಅವನ ಜನ್ಮರಹಸ್ಯವನ್ನು ತಿಳಿಸುವ ಭಾಗ. ತಂದೆಯವರು ಆ ಹೊಳೆಯುವ ತಟ್ಟೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಹಪ್ಪಳದಷ್ಟಗಲವಿಲ್ಲ. ನನ್ನ ಗಂಟಲು ಇದರಲ್ಲಿ ಹಿಡಿಸಿತೇನೋ?" ಎಂದು ನಕ್ಕಿದ್ದರು.

೨೦೦೬ರಲ್ಲಿ ಹುಡುಗನ ಕಂಪ್ಯೂಟರಿನ ಹಾರ್ಡ್ ಡಿಸ್ಕು ಕೆಟ್ಟು ಅದರಲ್ಲಿದ್ದ ಮೂಲ ಧ್ವನಿ ನಷ್ಟವಾಯಿತು. "ಮಾವ, ಈಗ ಉಳಿದಿರುವುದು ನಿಮ್ಮ ಹತ್ತಿರದ ಒಂದೇ ತಟ್ಟೆ. ಇನ್ನೊಂದು ಪ್ರತಿ ಮಾಡಿಸಿಡಿ" ಎಂದು ಅವನು ಹೇಳಿದನು. "ಆಗಲಪ್ಪ" ಎಂದೆವು. ಮರುವರ್ಷ ತಂದೆಯವರು ತೀರಿಕೊಂಡರು. "ಆಗಲಪ್ಪ" ಎಂದ ಮಾತು ಮಾತಾಗಿಯೇ ಉಳಿದು, ಹದಿನೈದು ವರ್ಷಗಳ ಮೇಲೆ ಕಳೆದುಹೋದುವು.

ಹೀಗಿರಲಾಗಿ ಕಳೆದ ವರ್ಷ ಸಾಗರದಿಂದ ಅಕ್ಕ ಫೋನು ಮಾಡಿದಳು. "ತಮ್ಮಾ, ಈ ಸಲ ಅಪ್ಪಯ್ಯನ ತಿಥಿಗೆ ನಾನೂ ಬರುತ್ತೇನೆ. ಅಪ್ಪಯ್ಯನ ಭಾರತವನ್ನು ಒಂದು ಸಲ ಕೇಳಿಸಿಬಿಡು. ಎಡಗಿವಿ ಆಗಲೇ ಹೋಯಿತು. ಬಲಗಿವಿಯೂ ಹೆಚ್ಚು ದಿನ ಬರುವುದಿಲ್ಲವೆಂದು ಡಾಕ್ಟರು ಹೇಳಿದ್ದಾರೆ." ಇದಕ್ಕೂ ನಾವು ಕೊಟ್ಟ ಉತ್ತರ "ಆಗಲಿ" ಎಂಬುದೇ.

ತಿಥಿಗೆ ಒಂಬತ್ತು ದಿನಗಳಿದ್ದುವು. ತಟ್ಟೆಯನ್ನು ಬೀರುವಿನಿಂದ ತೆಗೆದೆವು. ೨೦೧೧ರಲ್ಲಿ ಕೊಂಡ ನಮ್ಮ ಡೆಸ್ಕ್‌ಟಾಪ್ ಕಂಪ್ಯೂಟರು ನಡುಮನೆಯ ಮೂಲೆಯಲ್ಲಿ ಬಟ್ಟೆ ಹೊದ್ದು ಕುಳಿತಿತ್ತು. ಈಗಿನ ಹೊಸ ಕಂಪ್ಯೂಟರುಗಳಲ್ಲಿ ಬಹುಪಾಲು ಸೀಡಿ ಇಡುವ ಡ್ರೈವೇ ಇರುವುದಿಲ್ಲವಾದುದರಿಂದ, ಮನೆಯಲ್ಲಿ ಆ ಕೆಲಸಕ್ಕೆ ಬೇರೆ ಗತಿಯಿರಲಿಲ್ಲ. ಗುಂಡಿಯನ್ನು ಒತ್ತಿದೆವು. ಒಳಗೆ ಕುರ್ ಎಂದಿತು, ಬಾಗಿಲು ತೆರೆಯಲಿಲ್ಲ. ಮತ್ತೆ ಒತ್ತಿದೆವು; ಮತ್ತೆ ಕುರ್. ಶಾಸ್ತ್ರಪ್ರಕಾರ ತಲೆಯ ಮೇಲೆ ಏಟು ಹಾಕಲು ಕೈಯೆತ್ತಿದಾಗ ನಮ್ಮಾಕೆ ತಡೆದಳು.

ಈ ಬಾಗಿಲಿಗೆ ಒಂದು ಗುಪ್ತದ್ವಾರವುಂಟೆಂಬುದು ನಮಗೆ ಅಂದು ತಿಳಿಯಿತು. ಡ್ರೈವಿನ ಮುಖದ ಮೇಲೆ ಸೂಜಿ ಹೋಗುವಷ್ಟು ಸಣ್ಣದೊಂದು ರಂಧ್ರವಿರುತ್ತದೆ. ಕಂಪ್ಯೂಟರನ್ನು ಪೂರ್ತಿ ಆರಿಸಿ, ಕಾಗದ ಸಿಕ್ಕಿಸುವ ಜೆಮ್ ಕ್ಲಿಪ್ಪನ್ನು ನೆಟ್ಟಗೆ ಮಾಡಿ, ಆ ರಂಧ್ರದಲ್ಲಿ ನೇರವಾಗಿ ತೂರಿಸಿ ಮೆಲ್ಲಗೆ ಒತ್ತಿದರೆ ಬಾಗಿಲು ಬೆರಳಗಲ ಮುಂದೆ ಬರುತ್ತದೆ. ಮಿಕ್ಕದ್ದನ್ನು ಕೈಯಿಂದ ಎಳೆದುಕೊಳ್ಳಬಹುದು. ಬಾಗಿಲು ಹಟ ಮಾಡುವುದಕ್ಕೆ ಕಾರಣ ಸಾಮಾನ್ಯವಾಗಿ ಅತಿ ಸಣ್ಣದು. ಅದನ್ನು ನೂಕುವ ಮೋಟರಿನಿಂದ ಹಲ್ಲುಚಕ್ರಕ್ಕೆ ಶಕ್ತಿಯನ್ನು ಒಯ್ಯುವುದು ಬಳೆಗಿಂತ ಚಿಕ್ಕದಾದ ಒಂದು ರಬ್ಬರ್ ಬೆಲ್ಟು. ಬಹಳ ಕಾಲ ಉಪಯೋಗವಿಲ್ಲದೆ ಬಿದ್ದಿದ್ದರೆ ಅದು ಸಡಿಲವಾಗಿ ಜಾರುತ್ತದೆ. ಮೋಟರು ತಿರುಗುತ್ತದೆ, ಬಾಗಿಲು ಕದಲುವುದಿಲ್ಲ.

ಅಂತೂ ಬಾಗಿಲು ತೆರೆಯಿತು, ತಟ್ಟೆಯನ್ನಿಟ್ಟೆವು. ಅದು ಗಿರ್ರನೆ ತಿರುಗಿತು, ಟಿಕ್ ಟಿಕ್ ಎಂದಿತು, ನಿಂತಿತು. ಪರದೆಯ ಮೇಲೆ, ದಯವಿಟ್ಟು ಡ್ರೈವಿನಲ್ಲಿ ತಟ್ಟೆಯನ್ನು ಇಡಿ ಎಂಬ ಒಕ್ಕಣೆ ಬಂದಿತು. ಇಟ್ಟಿರುವ ತಟ್ಟೆಯನ್ನೇ ಇಡಿ ಎನ್ನುವ ಈ ವಿನಯವನ್ನು ಕಂಡು ನಮಗೆ ಮೈ ಉರಿಯಿತು. ತಟ್ಟೆಯನ್ನು ತೆಗೆದು ಪಂಚೆಯ ಸೆರಗಿನಿಂದ ಗುಂಡಗೆ ಉಜ್ಜತೊಡಗಿದೆವು.

"ರೀ, ಹಾಗಲ್ಲ. ನಡುವಿನಿಂದ ಅಂಚಿಗೆ ಒರೆಸಬೇಕಂತೆ," ಎಂದಳು ನಮ್ಮಾಕೆ. ಯಾರು ಹೇಳಿದರೆಂದು ಕೇಳಿದರೆ, "ತಟ್ಟೆಯ ಪೆಟ್ಟಿಗೆಯ ಮೇಲೇ ಬರೆದಿದೆ. ಓದಿದರೆ ತಿಳಿಯುತ್ತದೆ" ಎಂದು ಒಳಗೆ ಹೋದಳು.

ಆಕೆಯ ಮಾತಿನಲ್ಲಿ ಎಷ್ಟು ಅರ್ಥವಿದ್ದಿತೆಂಬುದನ್ನು ತಿಳಿಯಬೇಕಾದರೆ ಸೀಡಿಯ ರಚನೆಯನ್ನು ಸ್ವಲ್ಪ ನೋಡಬೇಕು. ೧೯೮೨ರಲ್ಲಿ ಸೋನಿ ಮತ್ತು ಫಿಲಿಪ್ಸ್ ಎಂಬ ಎರಡು ಸಂಸ್ಥೆಗಳ ಜಂಟಿ ಪ್ರಯತ್ನದ ಫಲವಾಗಿ ಇದು ಪೇಟೆಗೆ ಬಂದಿತು. ಅಗಲ ೧೨೦ ಮಿಲಿಮೀಟರು, ದಪ್ಪ ೧.೨ ಮಿಲಿಮೀಟರು. ಗ್ರಾಮಫೋನಿನ ಪ್ಲೇಟಿನಲ್ಲಿ ಮುಳ್ಳು ಹೊರ ಅಂಚಿನಿಂದ ಒಳಕ್ಕೆ ಬರುತ್ತದಷ್ಟೆ. ಸೀಡಿಯಲ್ಲಿ ಓದು ನಡುವಿನಿಂದ ಹೊರಟು ಅಂಚಿನ ಕಡೆಗೆ ಸುರುಳಿಸುರುಳಿಯಾಗಿ ಸಾಗುತ್ತದೆ. ಒಂದು ಸುತ್ತಿಗೂ ಪಕ್ಕದ ಸುತ್ತಿಗೂ ಇರುವ ಅಂತರ ಒಂದು ಮಿಲಿಮೀಟರಿನ ಸುಮಾರು ಆರುನೂರರಲ್ಲೊಂದು ಭಾಗ. ತುಂಬಿದ ತಟ್ಟೆಯ ಸುರುಳಿಯನ್ನು ಬಿಡಿಸಿ ಹಾಸಿದರೆ ಐದು ಕಿಲೋಮೀಟರಿಗೂ ಹೆಚ್ಚು ಉದ್ದವಾದೀತು. ಇದನ್ನು ಓದುವುದು ಮುಳ್ಳಲ್ಲ, ಲೇಸರ್ ಬೆಳಕು. ಗೀರು ಧೂಳುಗಳಿಂದ ಅಲ್ಲಲ್ಲಿ ಅಕ್ಷರ ಅಳಿಸಿದರೂ ಲೆಕ್ಕ ಹಾಕಿ ಊಹಿಸಿಕೊಳ್ಳುವ ಉಪಾಯವೂ ಅದರಲ್ಲುಂಟು. ರೀಡ್ ಮತ್ತು ಸಾಲೊಮನ್ ಎಂಬ ಇಬ್ಬರು ಗಣಿತಜ್ಞರು ೧೯೬೦ರಲ್ಲಿ ಕಂಡುಹಿಡಿದ ಸೂತ್ರವೇ ಇದಕ್ಕೆ ಆಧಾರ. ಸುರುಳಿಯನ್ನು ಅಡ್ಡ ಹಾಯುವ ಗೀರು ಒಂದೊಂದು ಸುತ್ತಿನಲ್ಲಿ ಸ್ವಲ್ಪ ಸ್ವಲ್ಪ ಮಾತ್ರ ಕೆಡಿಸುವುದರಿಂದ ಈ ಉಪಾಯ ಅದನ್ನು ಸರಿದೂಗಿಸುತ್ತದೆ. ಸುರುಳಿಯ ಉದ್ದಕ್ಕೇ ಬಿದ್ದ ಗೀರಾದರೆ ಒಂದೇ ಕಡೆ ಪುಟಗಟ್ಟಲೆ ಅಳಿಸಿದಂತೆ. ಯಾವ ಊಹೆಯೂ ಸಾಲದು. ಪಂಚೆಯಿಂದ ಗುಂಡಗೆ ಉಜ್ಜುತ್ತ ನಾವು ಮಾಡಹೊರಟಿದ್ದುದು ಅದನ್ನೇ. ಮತ್ತೊಂದು ಸಂಗತಿ: ಸೀಡಿಯಲ್ಲಿ ಸೂಕ್ಷ್ಮವಾದುದು ಹೆಸರು ಬರೆಯುವ ಮೇಲಣ ಮೈ. ಕೆಳಗೆ ದಪ್ಪನೆಯ ಪ್ಲಾಸ್ಟಿಕ್ಕಿನ ರಕ್ಷಣೆಯುಂಟು. ಮೇಲೆ ತೆಳ್ಳನೆಯ ಅರಗಿನಂಥ ಲೇಪ ಮಾತ್ರ. ಅಲ್ಲಿ ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಪೆಟ್ಟು ಅಕ್ಷರಗಳಿಗೇ ತಗಲುತ್ತದೆ.

ಒರೆಸಿದ ಮೇಲೂ ತಟ್ಟೆ ಹಾಡಲಿಲ್ಲ. ದೋಷ ತಟ್ಟೆಯದೋ ಡ್ರೈವಿನದೋ ನೋಡೋಣವೆಂದು ಮಗಳ ಮದುವೆಯ ಡೀವೀಡಿಯನ್ನು ಹಾಕಿದೆವು. ಮಂಗಳವಾದ್ಯ ಮೊಳಗಿತು, ವರಪೂಜೆ ಕಾಣಿಸಿತು, ನಾವೇ ಜರಿಯ ಪೇಟ ಸುತ್ತಿಕೊಂಡು ಬಂದೆವು. ಅಲ್ಲಿಗೆ ತೀರ್ಪಾಯಿತು: ಡ್ರೈವು ಸರಿಯಾಗಿದೆ, ತಟ್ಟೆ ಸತ್ತಿದೆ. ತಂದೆಯವರ ಧ್ವನಿ ಹೋಯಿತು. ಹೋಗುವುದಕ್ಕೆ ಕಾರಣರು ನಾವು.

ಆ ಎರಡು ರಾತ್ರಿ ನಮಗೆ ನಿದ್ರೆ ಹತ್ತಲಿಲ್ಲ. ಅಕ್ಕನಿಗೆ ಏನೆಂದು ಹೇಳುವುದು? ಆಕೆ ಬಂದು ಕುಳಿತು, ಬಲಗಿವಿಯನ್ನು ಮುಂದೆ ಮಾಡಿಕೊಂಡು ಕಾಯುವ ಚಿತ್ರ ಕಣ್ಣ ಮುಂದೆ ಬರುತ್ತಿತ್ತು. ಮೂರನೆಯ ದಿನ ಧೈರ್ಯಮಾಡಿ, ಈಗ ಪುಣೆಯಲ್ಲಿ ಕೆಲಸದಲ್ಲಿರುವ ಅಕ್ಕನ ಮಗನಿಗೆ ಫೋನು ಮಾಡಿ ಎಲ್ಲವನ್ನೂ ಒಪ್ಪಿಕೊಂಡೆವು. ಅವನು ಬೈಯಲಿಲ್ಲ. "ಅಮ್ಮನಿಗೆ ಈಗಲೇ ಹೇಳಬೇಡಿ ಮಾವ. ನೀವು ಹಾಕಿ ನೋಡಿದ್ದು ಡೀವೀಡಿ, ತಾತನದು ಸೀಡಿ. ಅಂಗಡಿಯಲ್ಲಿ ಕೊಂಡ ಬೇರೆ ಯಾವುದಾದರೂ ಸೀಡಿ ಇದ್ದರೆ ಹಾಕಿ ನೋಡಿ" ಎಂದನು.

ಹಳೆಯ ದೇವರನಾಮಗಳ ಸೀಡಿಯೊಂದು ಸಿಕ್ಕಿತು. ಅದನ್ನೂ ಡ್ರೈವು ಓದಲಿಲ್ಲ! ಒಂದು ಯಂತ್ರ ಓದದುದಕ್ಕೆ ಇಷ್ಟು ಸಂತೋಷಪಟ್ಟವರು ಬೇರೆ ಯಾರೂ ಇರಲಾರರು.

ಸಂಗತಿಯೇನೆಂದರೆ, ಇಂಥ ಡ್ರೈವಿನಲ್ಲಿ ಬೆಳಕಿನ ಮೂಲಗಳು ಎರಡು. ಡೀವೀಡಿಯ ಅಕ್ಷರಗಳು ಹೆಚ್ಚು ಚಿಕ್ಕವು. ಅವನ್ನು ಓದಲು ೬೫೦ ನ್ಯಾನೊಮೀಟರಿನ ಕೆಂಪು ಬೆಳಕು ಬೇಕು. ಸೀಡಿಗೆ ೭೮೦ ನ್ಯಾನೊಮೀಟರಿನ ಬೇರೆಯ ಬೆಳಕು. ಅದು ಕಣ್ಣಿಗೆ ಕಾಣುವುದು ಇಲ್ಲವೆನ್ನುವಷ್ಟು ಕಡಿಮೆ. ಒಂದು ಮೂಲ ಕ್ಷೀಣಿಸಿದರೂ ಇನ್ನೊಂದು ಚೆನ್ನಾಗಿಯೇ ಇರಬಹುದು. ಆದುದರಿಂದ ಒಂದು ಬಗೆಯ ತಟ್ಟೆಯನ್ನು ಓದಿದ ಮಾತ್ರಕ್ಕೆ ಡ್ರೈವು ನಿರ್ದೋಷಿಯಲ್ಲ. ಮೂವತ್ತು ವರ್ಷ ನ್ಯಾಯಾಲಯದ ಕಚೇರಿಯಲ್ಲಿ ಗುಮಾಸ್ತೆಯಾಗಿದ್ದ ನಾವು, ಸಂಬಂಧವಿಲ್ಲದ ಒಂದೇ ಸಾಕ್ಷಿಯ ಮಾತು ಕೇಳಿ ತಟ್ಟೆಗೆ ಮರಣದಂಡನೆ ವಿಧಿಸಿದ್ದೆವು.

ಬಾಕಿ ಉಳಿದುದು ಮಸೂರದ ಧೂಳು. ಹುಡುಗನು ಹೇಳಿದಂತೆ ಕರೆಂಟಿನ ತಂತಿಯನ್ನು ಕಿತ್ತು, ಎಲ್ಲರೂ ಸಿಪಿಯು ಎಂದು ಕರೆಯುವ ಪೆಟ್ಟಿಗೆಯನ್ನು ಬಿಚ್ಚಿ, ಡ್ರೈವನ್ನು ಹೊರತೆಗೆದು ಅದರ ತಿರುಪುಗಳನ್ನು ಕಳಚಿದೆವು. ತೊಗರಿಬೇಳೆಯಷ್ಟಿರುವ ಮಸೂರವನ್ನು ಹತ್ತಿಗೆ ಐಸೊಪ್ರೊಪೈಲ್ ಆಲ್ಕೋಹಾಲು ಹಚ್ಚಿ ಸೋಕಿಸಿದಂತೆ ಒರೆಸಿ, ಜಾರುತ್ತಿದ್ದ ಬೆಲ್ಟನ್ನೂ ಅದರಿಂದಲೇ ಶುದ್ಧಿಮಾಡಿದೆವು. ಇಲ್ಲಿ ವಾಚಕರಿಗೆ ಒಂದು ಎಚ್ಚರಿಕೆ: ಡ್ರೈವನ್ನು ಬಿಚ್ಚಿಟ್ಟುಕೊಂಡು ವಿದ್ಯುತ್ತನ್ನು ಹಾಯಿಸಿ ಒಳಗೆ ಇಣುಕಿ ನೋಡಬಾರದು. ಕಾಣದ ಬೆಳಕೂ ಕಣ್ಣನ್ನು ಕೆಡಿಸುತ್ತದೆ.

ಎಲ್ಲವನ್ನೂ ಮರಳಿ ಜೋಡಿಸಿ ಗುಂಡಿ ಒತ್ತಿದರೆ ಕಂಪ್ಯೂಟರು ಎದ್ದಿತು. ಡ್ರೈವಿನ ಹೆಸರೇ ಪಟ್ಟಿಯಿಂದ ಮಾಯವಾಗಿತ್ತು! ಆಗ ಹುಡುಗನು ಹೇಳಿಕೊಟ್ಟ ಪರೀಕ್ಷೆ ಬಹಳ ಸೊಗಸಾದುದು. ಕಂಪ್ಯೂಟರಿನಲ್ಲಿ ವಿಂಡೋಸ್ ಏಳುವುದಕ್ಕೆ ಮುಂಚೆಯೇ ಎದ್ದು, ಯಾರು ಬಂದಿದ್ದಾರೆ, ಯಾರು ಬಂದಿಲ್ಲವೆಂದು ಹಾಜರಿ ಕರೆಯುವ ಬಯಾಸ್ ಎಂಬ ವ್ಯವಸ್ಥೆಯೊಂದುಂಟು. ಆ ಹಾಜರಿಯಲ್ಲೇ ಡ್ರೈವು ಇಲ್ಲದಿದ್ದರೆ ದೋಷ ತಂತಿಯಲ್ಲಿ, ವಿದ್ಯುತ್ತಿನಲ್ಲಿ ಅಥವಾ ಡ್ರೈವಿನಲ್ಲಿ. ಅಲ್ಲಿದ್ದು ವಿಂಡೋಸಿನಲ್ಲಿ ಕಾಣದಿದ್ದರೆ ದೋಷ ಬಹುಮಟ್ಟಿಗೆ ವಿಂಡೋಸಿನ ವ್ಯವಸ್ಥೆಯಲ್ಲಿ. ನಮ್ಮದು ಹಾಜರಿಯಲ್ಲೇ ಇರಲಿಲ್ಲ. ಪೆಟ್ಟಿಗೆಯನ್ನು ಮತ್ತೆ ಬಿಚ್ಚಿ ನೋಡಿದರೆ ಸಾಟಾ ತಂತಿ ಅರ್ಧ ಮಾತ್ರ ಕೂತಿತ್ತು. ಅದನ್ನು ಒತ್ತಿ ಕೂರಿಸಿದ ಮೇಲೆ ಹಾಜರಿಯಲ್ಲಿ ಹೆಸರು ಬಂದಿತು. ಆದರೆ ವಿಂಡೋಸಿನಲ್ಲಿ ಅದರ ಪಕ್ಕಕ್ಕೆ ಹಳದಿಯ ಗುರುತೊಂದು ಕಾಣಿಸಿತು. ಹಿಂದಿನ ದಿನ ನಾವು ಯಾರದೋ ಮಾತು ಕೇಳಿ ಸೀಡಿ ಬರೆಯುವ ತಂತ್ರಾಂಶವೊಂದನ್ನು ಹಾಕಿ, ಪ್ರಯೋಜನವಿಲ್ಲವೆಂದು ಕಿತ್ತುಹಾಕಿದ್ದೆವು. ಅಂಥವು ಹೋಗುವಾಗ ರಿಜಿಸ್ಟ್ರಿಯಲ್ಲಿ ಅಪ್ಪರ್‌ಫಿಲ್ಟರ್ಸ್, ಲೋವರ್‌ಫಿಲ್ಟರ್ಸ್ ಎಂಬ ಎರಡು ನಮೂದುಗಳನ್ನು ಕೆಡಿಸಿಟ್ಟು ಹೋಗುವುದುಂಟಂತೆ. ಹುಡುಗನು ಪುಣೆಯಿಂದಲೇ ನಮ್ಮ ಪರದೆಯನ್ನು ಹಿಡಿದು, ರಿಜಿಸ್ಟ್ರಿಗೆ ಮೊದಲು ನಕಲು ತೆಗೆದಿಟ್ಟು, ಆಮೇಲೆ ಆ ಎರಡನ್ನೂ ಅಳಿಸಿದನು. ಕಚೇರಿಯ ದಸ್ತಾವೇಜನ್ನು ನಕಲಿಲ್ಲದೆ ನಾವೆಂದೂ ಮುಟ್ಟಿದವರಲ್ಲ. ತಂದೆಯವರ ಧ್ವನಿಗೆ ಮಾತ್ರ ಆ ನಿಯಮ ನೆನಪಾಗಲಿಲ್ಲವಲ್ಲ ಎಂದು ಆಗ ಮನಸ್ಸಿಗೆ ಚುಚ್ಚಿತು.

ಇಷ್ಟೆಲ್ಲ ಆದರೂ ಡ್ರೈವು ಡೀವೀಡಿಯನ್ನು ಓದಿತು, ಸೀಡಿಯನ್ನು ಓದಲಿಲ್ಲ. ಅದರ ಒಂದು ಕಣ್ಣು ನಿಜವಾಗಿಯೂ ಹೋಗಿತ್ತು. ನೆರೆಮನೆಯವರಿಂದ, ಹೊರಗಿನಿಂದ ಯುಎಸ್‌ಬಿ ತಂತಿಯಲ್ಲಿ ಸೇರಿಸುವ ತೆಳುವಾದ ಡ್ರೈವೊಂದನ್ನು ಎರವಲು ತಂದೆವು. ಪೆಟ್ಟಿಗೆಯ ಮುಂಭಾಗಕ್ಕೆ ಸಿಕ್ಕಿಸಿದಾಗ ಅದೂ ಟಿಕ್ ಟಿಕ್ ಎಂದು ಸುಮ್ಮನಾಯಿತು, ಎದೆ ಧಸಕ್ಕೆಂದಿತು. ಈ ಬಗೆಯ ಡ್ರೈವು ತಟ್ಟೆಯನ್ನು ತಿರುಗಿಸುವ ಶಕ್ತಿಯನ್ನೂ ಅದೇ ತಂತಿಯಿಂದಲೇ ಹೀರಬೇಕು. ಮುಂಭಾಗದ ಕಿಂಡಿಗಳಲ್ಲಿ ಎಷ್ಟೋ ವೇಳೆ ಅಷ್ಟು ಶಕ್ತಿ ದೊರೆಯುವುದಿಲ್ಲ. ಹಿಂಭಾಗದ ಕಿಂಡಿಗೆ ಬದಲಾಯಿಸಿದೆವು. ತಟ್ಟೆ ತಿರುಗಿತು. ಒಂದು ಕೆಮ್ಮು ಕೇಳಿಸಿತು. ತಂದೆಯವರು ವಾಚನಕ್ಕೆ ಮುಂಚೆ ಗಂಟಲು ಸರಿಮಾಡಿಕೊಳ್ಳುವ ಕೆಮ್ಮು! ಅಡುಗೆಮನೆಯಿಂದ ಸೌಟು ಹಿಡಿದೇ ಓಡಿಬಂದ ನಮ್ಮಾಕೆ ಬಾಗಿಲಲ್ಲಿ ನಿಂತುಬಿಟ್ಟಳು.

ಕೇಳುತ್ತ ಕೂರದೆ ಮೊದಲು ನಕಲು ತೆಗೆಯಿರೆಂದು ಹುಡುಗನು ಕಟ್ಟಪ್ಪಣೆ ಮಾಡಿದ್ದನು. ಆರು ಭಾಗಗಳು ಸರಾಗವಾಗಿ ಬಂದುವು. ಏಳನೆಯದರ ಕೊನೆಗೆ ಡ್ರೈವು ತಡವರಿಸಿತು. ಓದು ನಡುವಿನಿಂದ ಅಂಚಿಗೆ ಸಾಗುವುದಾದುದರಿಂದ ಕೊನೆಯ ಭಾಗ ಇರುವುದು ತಟ್ಟೆಯ ಹೊರ ಅಂಚಿನಲ್ಲಿ. ಬೆರಳು ತಗಲುವುದೂ, ಪೆಟ್ಟು ಬೀಳುವುದೂ ಮೊದಲು ಅಲ್ಲಿಯೇ. ಜೊತೆಗೆ ಮನೆಯಲ್ಲಿ ಬರೆದ ಸೀಡಿಯ ಅಕ್ಷರಗಳು ಬಣ್ಣದ ಒಂದು ಪದರದಲ್ಲಿರುತ್ತವೆ. ಬಿಸಿಲು, ಸೆಕೆಗಳಿಂದ ಆ ಬಣ್ಣ ಕಾಲಕ್ರಮದಲ್ಲಿ ಕಂದುತ್ತದೆ. ವೇಗವನ್ನು ತಗ್ಗಿಸಿ ಮತ್ತೆ ಮತ್ತೆ ಓದಿಸಿದೆವು. ಪ್ರತಿ ಸಲವೂ ಸ್ವಲ್ಪ ಮುಂದೆ ಹೋಯಿತು. ಕಟ್ಟಕಡೆಗೆ ಸುಮಾರು ಎರಡು ನಿಮಿಷದಷ್ಟು ಏನು ಮಾಡಿದರೂ ಬರಲಿಲ್ಲ.

ತಿಥಿಯ ದಿನ ಊಟವಾದ ಮೇಲೆ ಅಕ್ಕ ಬಲಗಿವಿಯನ್ನು ಈಚೆಗೆ ಮಾಡಿಕೊಂಡು ಕುಳಿತಳು. ಕೊನೆಯಲ್ಲಿ ಸ್ವಲ್ಪ ಹಾಳಾಗಿದೆ, ತಪ್ಪು ನಮ್ಮದೆಂದು ಮೊದಲೇ ಹೇಳಿದೆವು. ಆಕೆ ಏನನ್ನೂ ಆಡಲಿಲ್ಲ. ಒಂದು ಗಂಟೆಗೆ ಮೇಲೆ ತಂದೆಯವರು ನಡುಮನೆಯಲ್ಲಿ ವಾಚಿಸಿದರು. ಕರ್ಣನ ಭಾಗ ಬಂದಿತು. ಅವರು ಅದಕ್ಕೆಂದೇ ಇಟ್ಟುಕೊಂಡಿದ್ದ ಮುಖಾರಿ ರಾಗ. ಆರು ಸಾಲಿನ ಷಟ್ಪದಿ. ನಾಲ್ಕನೆಯ ಸಾಲಿನ ನಡುವೆ ಧ್ವನಿ ಕಡಿಯಿತು.

ನಾವು ತಲೆ ತಗ್ಗಿಸಿದೆವು. ಆಗ, ಕಡಿದ ಅಕ್ಷರದಿಂದಲೇ, ಅದೇ ರಾಗದಲ್ಲಿ, ಒಂದು ಶ್ರುತಿ ಕೆಳಗೆ ಅಕ್ಕ ಮುಂದುವರಿಸಿದಳು. ಆ ಪದ್ಯ ಮುಗಿಯಿತು. ಅದರ ಮುಂದಿನದನ್ನೂ ಮುಗಿಸಿ ನಿಲ್ಲಿಸಿದಳು. ಚಿಕ್ಕಂದಿನಲ್ಲಿ ಜಗಲಿಯಲ್ಲಿ ತಂದೆಯವರ ಹಿಂದೆ ಕುಳಿತು ದನಿಗೂಡಿಸುತ್ತಿದ್ದವಳು ಆಕೆಯೆಂಬುದು ನಮಗೆ ಮರೆತೇ ಹೋಗಿತ್ತು. "ಅಪ್ಪಯ್ಯ ಅಲ್ಲಿಗೇ ನಿಲ್ಲಿಸುತ್ತಿದ್ದರು," ಎಂದಳು. ಯಾರಿಗೂ ಹೇಳದೆ ನಮ್ಮಾಕೆ ತನ್ನ ಫೋನಿನಲ್ಲಿ ಎಲ್ಲವನ್ನೂ ಹಿಡಿದಿಟ್ಟಿದ್ದಳು.

ಈಗ ತಂದೆಯವರ ಏಳು ಭಾಗಗಳೂ, ಅವುಗಳ ಕೊನೆಗೆ ಅಕ್ಕನ ಪದ್ಯಗಳೂ ಸೇರಿ ಮೂರು ಪ್ರತಿಗಳಾಗಿವೆ: ಒಂದು ನಮ್ಮಲ್ಲಿ, ಒಂದು ಸಾಗರದಲ್ಲಿ, ಒಂದು ಪುಣೆಯಲ್ಲಿ. ಮೂಲ ತಟ್ಟೆಯನ್ನು ಅದರ ಪೆಟ್ಟಿಗೆಯಲ್ಲಿಯೇ ನೆಟ್ಟಗೆ ನಿಲ್ಲಿಸಿ, ಬಿಸಿಲು ತಾಗದ ಕಡೆ ಇರಿಸಿದ್ದೇವೆ.

ವಾಚಕರ ಮನೆಯಲ್ಲಿ ಡ್ರೈವು ಹಟ ಹಿಡಿದರೆ ಸಿಟ್ಟು ಮಾಡಬೇಡಿರಿ. ಸುಲಭವಾದುದನ್ನು ಮೊದಲು, ಕಷ್ಟವಾದುದನ್ನು ಆಮೇಲೆ, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡಿರಿ: ತಟ್ಟೆ, ಅದೇ ಜಾತಿಯ ಇನ್ನೊಂದು ತಟ್ಟೆ, ತಂತಿ, ಬಯಾಸ್, ವಿಂಡೋಸ್, ಕೊನೆಗೆ ಬೇರೆ ಡ್ರೈವು. ಒಂದು ಡ್ರೈವು ಓದದುದನ್ನು ಇನ್ನೊಂದು ಓದುವುದುಂಟು. ಆದುದರಿಂದ ಯಾವ ತಟ್ಟೆಯನ್ನೂ ಅವಸರದಿಂದ ಎಸೆಯಬೇಡಿರಿ. ಡ್ರೈವು ಕೆಡುವುದು ಅದರ ಧರ್ಮ. ಒಂದೇ ಪ್ರತಿಯನ್ನು ನಂಬಿ ಕೂತದ್ದು ನಮ್ಮ ತಪ್ಪು. ಬೀರುವಿನಲ್ಲಿ ಅಂಥದೊಂದು ತಟ್ಟೆಯಿದ್ದರೆ ಅದನ್ನು ಈ ಹೊತ್ತೇ ತೆಗೆಯಿರಿ. ಯಾರಾದರೂ ಇನ್ನೊಂದು ಪ್ರತಿ ಮಾಡಿಸಿಡಿರೆಂದು ಹೇಳಿದ್ದರೆ, "ಆಗಲಪ್ಪ" ಎನ್ನದೆ ಎದ್ದು ಮಾಡಿರಿ.